ನಾಲ್ಕರ ಮಗಳು ಮನೆಗೆ ಬಂದ ಮೇಲೆ

ದತ್ತು ತೆಗೆದುಕೊಳ್ಳುವುದು ಹೇಗೆ ಎಂದು ಕೇಳಿದರೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೋಂದಣಿ, ಮನೆ ಪರಿಶೀಲನೆ, ವರ್ಷಗಟ್ಟಲೆ ಕಾಯುವುದು, ಒಂದು ದಿನ ಮಗುವಿನ ಫೋಟೊ ಬರುವುದು, ಜಿಲ್ಲಾಧಿಕಾರಿಯ ಆದೇಶ, ಎಲ್ಲದಕ್ಕೂ ಒಂದೊಂದು ಕಾಗದವಿದೆ. ಆ ಕಾಗದಗಳೆಲ್ಲ ಮುಗಿದು, ಪುಣೆಯ ಹಡಪಸರದ ಫ್ಲ್ಯಾಟಿನ ಬಾಗಿಲಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಚಪ್ಪಲಿ ಬಿಚ್ಚಿ ಒಳಗೆ ಬಂದ ಮೇಲೆ ಏನು ಮಾಡಬೇಕು ಎಂದು ಕೇಳಿ ನೋಡಿ. "ಪ್ರೀತಿ ಕೊಡಿ, ಎಲ್ಲಾ ಸರಿಹೋಗ್ತದ" ಎನ್ನುವುದರ ಮುಂದೆ ಮಾತು ಹೋಗುವುದಿಲ್ಲ. ಪ್ರೀತಿ ಇಲ್ಲದವರು ಅಷ್ಟು ವರ್ಷ ಕಾಯುತ್ತಲೇ ಇರಲಿಲ್ಲ. ಕಷ್ಟವಾಗುವುದು ತಟ್ಟೆಯ ಮುಂದೆ ಅವಳು "ನಕೋ, ನಕೋ" ಎಂದು ಮುಖ ತಿರುಗಿಸಿದಾಗ, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಸದ್ದಿಲ್ಲದೆ ಗೋಡೆ ನೋಡುತ್ತಿದ್ದಾಗ, ವಿಜಯಪುರದ ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಮುದ್ದು ಮಾಡಿದರೆ ಮಗು ಮಂಚದ ಕೆಳಗೆ ಸೇರಿಕೊಂಡಾಗ.

ಸೊಲ್ಲಾಪುರ ರಸ್ತೆ ಹಿಡಿದು ಕಲಬುರಗಿ, ವಿಜಯಪುರ ಕಡೆಯಿಂದ ಬಂದು ನೆಲೆ ನಿಂತವರು, ಮಗರಪಟ್ಟಾ, ಫುರಸುಂಗಿಯ ಐಟಿ ಕಂಪನಿಗಳಿಗೆಂದು ಬಂದವರು, ಹೀಗೆ ಹಡಪಸರದಲ್ಲಿ ಕನ್ನಡದ ಮನೆಗಳು ಅಲ್ಲಲ್ಲಿ ಹರಡಿಕೊಂಡಿವೆ. ಅಂಥ ಮನೆಗೆ ಮೂರರಿಂದ ಐದು ವರ್ಷದೊಳಗಿನ ಮಗಳು ಬಂದಿದ್ದರೆ, ಅಥವಾ ಬರುವವಳಿದ್ದರೆ, ಈ ಬರಹ ನಿಮಗಾಗಿ.

ಯಾಕೆ ಹೀಗಾಗುತ್ತದೆ

ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿ ಬರೆದರು. ಎಳೆಯ ಮಗುವಿನ ಮನಸ್ಸು ಆರೋಗ್ಯವಾಗಿ ಬೆಳೆಯಬೇಕಾದರೆ ಬೆಚ್ಚನೆಯ, ನಡುವೆ ಕಡಿದುಹೋಗದ ಒಂದು ಸಂಬಂಧ ಬೇಕು ಎಂಬುದು ಅದರ ತಿರುಳು. ಶಿಶುಗೃಹದಲ್ಲಿ ಸಿಗಲಾರದ್ದು ಇದೇ. ಅಲ್ಲಿನ ತಾಈ, ಮಾವಶಿಯರು ಎಷ್ಟೇ ಅಕ್ಕರೆಯವರಾದರೂ ಪಾಳಿ ಮುಗಿದ ಮೇಲೆ ತಮ್ಮ ಮನೆಗೆ ಹೋಗುತ್ತಾರೆ. ಮೂರು ನಾಲ್ಕು ವರ್ಷ ಹಾಗೆ ಬೆಳೆದ ಮಗು ಕೆಲವು ಪಾಠ ಕಲಿತುಕೊಂಡಿರುತ್ತದೆ: ಯಾರು ಬಂದರೂ ನಗಬೇಕು, ಸಿಕ್ಕಾಗ ತಿಂದುಬಿಡಬೇಕು, ಅತ್ತರೆ ಎಲ್ಲ ಸಲವೂ ಯಾರಾದರೂ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಈ ನಡವಳಿಕೆ ವಿಚಿತ್ರವಾಗಿ ಕಾಣಬಹುದು. ಅಲ್ಲಿ ಅವಳನ್ನು ಕಾಪಾಡಿದ್ದು ಅದೇ.

ಕಾನೂನಿನ ಮಟ್ಟಿಗೆ ಒಂದು ಮಾತು ಸಾಕು. ಬಾಲನ್ಯಾಯ ಕಾಯ್ದೆಯಡಿ ದತ್ತು ಆದೇಶ ಕೊಡುವ ಅಧಿಕಾರ 2022ರ ಸೆಪ್ಟೆಂಬರ್‌ನಿಂದ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗೆ ಬಂದಿದೆ. ಆದೇಶವಾದ ಕ್ಷಣದಿಂದ ಅವಳು ಎಲ್ಲ ಹಕ್ಕುಗಳೊಂದಿಗೆ ನಿಮ್ಮ ಮಗಳು. ಕಾಗದ ಇದನ್ನು ಒಂದೇ ದಿನದಲ್ಲಿ ಒಪ್ಪಿಕೊಳ್ಳುತ್ತದೆ, ನಾಲ್ಕು ವರ್ಷದ ಮಗುವಿಗೆ ತಿಂಗಳುಗಳು ಬೇಕು.

1. ಮೊದಲ ವಾರಗಳಲ್ಲಿ ಮನೆ ಚಿಕ್ಕದಾಗಿರಲಿ

ಮಗಳು ಬಂದ ಸಂಭ್ರಮಕ್ಕೆ ಸೊಸೈಟಿಯ ಕ್ಲಬ್‌ಹೌಸ್ ಬುಕ್ ಮಾಡಿ, ಊರಿನಿಂದ ನೆಂಟರನ್ನು ಕರೆಸಿ, ತೊಟ್ಟಿಲ ಬದಲು ಉಡಿ ತುಂಬುವ ಶಾಸ್ತ್ರ ಇಟ್ಟುಕೊಳ್ಳುವ ಆಸೆ ಸಹಜ. ಎರಡು ಮೂರು ತಿಂಗಳು ತಡೆಯಿರಿ. ತನ್ನವರು ಯಾರು ಎಂದು ಇನ್ನೂ ತಿಳಿಯದ ಮಗುವನ್ನು ಐವತ್ತು ಜನ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟಿಸಿದರೆ, ಇದೂ ಜನ ಬಂದು ಹೋಗುವ ಜಾಗವೇ ಎಂದು ಅವಳು ತಿಳಿಯುತ್ತಾಳೆ.

ಊಟ ಮಾಡಿಸುವುದು, ಸ್ನಾನ, ಬಿದ್ದಾಗ ಎತ್ತಿಕೊಳ್ಳುವುದು, ಮಲಗಿಸುವುದು, ಈ ನಾಲ್ಕು ಕೆಲಸ ಮೊದಲ ಕೆಲವು ತಿಂಗಳು ಅಪ್ಪ-ಅಮ್ಮನ ಕೈಯಲ್ಲೇ ಇರಲಿ. ಕೆಲಸದವಳ ಕೈಯಲ್ಲಿ ಬೇಡ, ಪ್ರೀತಿಯ ಅತ್ತೆಯ ಕೈಯಲ್ಲೂ ಬೇಡ. ಬೇಕಾದಾಗ ಒಬ್ಬರೇ ಬರುತ್ತಾರೆ, ಮತ್ತೆ ಮತ್ತೆ ಅವರೇ ಬರುತ್ತಾರೆ ಎಂಬುದನ್ನು ಮಗು ನೂರಾರು ಸಲ ನೋಡಿ ತಿಳಿಯಬೇಕು. ಅದಕ್ಕಾಗಿ ಇಬ್ಬರಲ್ಲಿ ಒಬ್ಬರಾದರೂ ರಜೆ ಕೂಡಿಟ್ಟುಕೊಂಡು ಮನೆಯಲ್ಲಿರುವ ಏರ್ಪಾಡು ಮಗಳು ಬರುವ ಮೊದಲೇ ಆಗಬೇಕು.

ಇಲ್ಲೊಂದು ಎಚ್ಚರಿಕೆ. ವಾಚ್‌ಮನ್ ಕಾಕಾನಿಂದ ಹಿಡಿದು ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರವರೆಗೆ ಎಲ್ಲರ ಕೈ ಹಿಡಿದು ಹೊರಡುವ ಮಗುವನ್ನು ನೋಡಿ "ಎಷ್ಟು ಬೇಗ ಹೊಂದಿಕೊಂಡಳು" ಎಂದು ಹಿಗ್ಗಬೇಡಿ. ಯಾರಾದರೂ ಸರಿ ಎನ್ನುವ ಮಗುವಿಗೆ ಇನ್ನೂ ಯಾರೂ ತನ್ನವರಾಗಿಲ್ಲ. ಬೈಯುವುದು ಬೇಡ. ಅವಳನ್ನು ಎತ್ತಿಕೊಂಡು, "ಎತ್ಕೋಬೇಕು ಅನ್ನಿಸಿದ್ರ ಅಪ್ಪನ ಹತ್ರ ಬಾ, ಅಮ್ಮನ ಹತ್ರ ಬಾ" ಎಂದು ಪ್ರತಿ ಸಲವೂ ಹೇಳಿ. ಹೊಸಬರನ್ನು ಕಂಡು ನಿಮ್ಮ ಹಿಂದೆ ಅಡಗಿ ಸೆರಗು ಹಿಡಿದ ದಿನ ಖುಷಿಪಡಿ.

2. ತಟ್ಟೆ, ಡಬ್ಬಿ ಮತ್ತು ದಿಂಬಿನ ಕೆಳಗಿನ ಚಪಾತಿ

ಮಗುವನ್ನು ಕರೆತರುವ ದಿನವೇ ಸಂಸ್ಥೆಯವರಿಂದ ಅವಳ ದಿನಚರಿ ಬರೆಸಿಕೊಳ್ಳಿ. ಎಷ್ಟು ಗಂಟೆಗೆ ಏಳುತ್ತಾಳೆ, ಏನು ತಿನ್ನುತ್ತಾಳೆ, ಹಾಲು ಲೋಟದಲ್ಲೋ ಬಟ್ಟಲಲ್ಲೋ, ಊಟಕ್ಕೆ ಮೊದಲು ಪ್ರಾರ್ಥನೆ ಹೇಳಿಸುತ್ತಾರೋ. ಪುಣೆಯ ಶಿಶುಗೃಹದಲ್ಲಿ ಬೆಳೆದ ಮಗುವಿಗೆ ಮೆತ್ತನೆಯ ವರಣ-ಭಾತ್, ಖಿಚಡಿ ರೂಢಿಯಾಗಿರುತ್ತದೆ. ನಿಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಆ ನಾಲಿಗೆಗೆ ಹೊಸದು, ಖಾರವಂತೂ ಹೆದರಿಕೆ. ಮೊದಲ ಎರಡು ವಾರ ಅವಳ ಊಟವನ್ನೇ ಮಾಡಿ, ಸಾಧ್ಯವಾದರೆ ಮನೆಮಂದಿಯೆಲ್ಲ ಅದನ್ನೇ ಉಣ್ಣಿ. ಆಮೇಲೆ ತಟ್ಟೆಯ ಅಂಚಿನಲ್ಲಿ ದಿನಕ್ಕೊಂದು ಹೊಸ ಪದಾರ್ಥ, ಬೆರಳಿನ ಗಾತ್ರದಷ್ಟು. ತಿಂದರೂ ಸರಿ, ಬಿಟ್ಟರೂ ಸರಿ.

ಇದರ ಇನ್ನೊಂದು ಮಗ್ಗುಲೂ ಉಂಟು. ಕೆಲವು ಮಕ್ಕಳು ಸಾಕು ಎನ್ನುವುದೇ ಇಲ್ಲ. ವಾಂತಿಯಾಗುವವರೆಗೂ ತಿನ್ನುತ್ತಾರೆ, ಬಿಸ್ಕೀಟು, ಚಪಾತಿ ತುಂಡುಗಳನ್ನು ದಿಂಬಿನ ಕೆಳಗೆ, ಶಾಲೆಯ ಚೀಲದಲ್ಲಿ ಬಚ್ಚಿಡುತ್ತಾರೆ. ಇದನ್ನು ಕಳ್ಳತನ ಎಂದು ಕರೆದ ಮನೆಯಲ್ಲಿ ಬಚ್ಚಿಡುವುದು ಹೆಚ್ಚುತ್ತದೆ, ಏಕೆಂದರೆ ಭಯ ಹೆಚ್ಚುತ್ತದೆ. ಹೀಗೆ ಮಾಡಿ:

ಅ) ಅವಳ ಕೈಗೆ ಎಟುಕುವ ಕಡೆ ಅವಳದೇ ಒಂದು ಡಬ್ಬಿ ಇಡಿ. ಚುರುಮುರಿ, ಕಡಲೆ, ಬಾಳೆಹಣ್ಣು, ಏನಿದ್ದರೂ ಅದು ಖಾಲಿಯಾಗಬಾರದು. ಅವಳು ನೋಡುತ್ತಿರುವಾಗಲೇ ತುಂಬಿ.

ಆ) ಊಟದ ಹೊತ್ತು ಕೆಲವು ತಿಂಗಳು ಹತ್ತು ನಿಮಿಷವೂ ಆಚೀಚೆ ಆಗದಿರಲಿ.

ಇ) ದಿಂಬಿನ ಕೆಳಗೆ ಸಿಕ್ಕ ಹಳಸಿದ ಚೂರನ್ನು ಮಾತಿಲ್ಲದೆ ತೆಗೆದು, ಡಬ್ಬಿಯಲ್ಲಿ ಹೊಸದನ್ನು ಇಡಿ.

ಈ) ಶಿಕ್ಷೆಯಾಗಿ ಊಟ, ತಿಂಡಿ ತಡೆಯುವುದು ಯಾವ ಕಾರಣಕ್ಕೂ ಬೇಡ.

ಸಣಕಲಾಗಿದ್ದಾಳೆ ಎಂದು ತುಪ್ಪ, ಬಾದಾಮಿ, ಕೆನೆಹಾಲು ಒಟ್ಟಿಗೇ ಸುರಿದರೆ ಹೊಟ್ಟೆ ಕೆಡುತ್ತದೆ. ಮೊದಲ ವಾರದಲ್ಲೇ ಮಕ್ಕಳ ವೈದ್ಯರ ಬಳಿ ಹೋಗಿ ರಕ್ತಹೀನತೆ, ಜಂತು, ಕಣ್ಣು, ಕಿವಿ, ಹಲ್ಲು ನೋಡಿಸಿ. ಸಂಸ್ಥೆ ಕೊಟ್ಟ ವೈದ್ಯಕೀಯ ವರದಿ ಮತ್ತು ಲಸಿಕೆ ಕಾರ್ಡ್ ಜೊತೆಗಿರಲಿ. ಯಾವುದು ಆಗಿದೆ ಯಾವುದು ಆಗಿಲ್ಲ ಎಂದು ವೈದ್ಯರೇ ಗುರುತು ಹಾಕಿಕೊಡುತ್ತಾರೆ. ಐದರಿಂದ ಆರು ವರ್ಷದ ನಡುವೆ ಕೊಡಬೇಕಾದ ಡಿಪಿಟಿ ಬೂಸ್ಟರ್ ತಪ್ಪಿಹೋಗದಂತೆ ನೋಡಿಕೊಳ್ಳಿ.

3. ರಾತ್ರಿ

ಹತ್ತಾರು ಮಕ್ಕಳ ಉಸಿರಿನ ನಡುವೆ, ದೀಪ ಉರಿಯುವ ಹಾಲ್‌ನಲ್ಲಿ ಮಲಗಿದವಳಿಗೆ, ಹೊಸ ಬಣ್ಣ ಬಳಿದು ಗೊಂಬೆ ಜೋಡಿಸಿಟ್ಟ ಪ್ರತ್ಯೇಕ ಕೋಣೆ ಉಡುಗೊರೆಯಾಗಿ ಕಾಣುವುದಿಲ್ಲ. ನಮ್ಮ ಹಿರಿಯರ ಪದ್ಧತಿಯೇ ಇಲ್ಲಿ ಸರಿ: ನಿಮ್ಮ ಕೋಣೆಯಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ಹಾಸಿಗೆ ಹಾಸಿ. ಸಣ್ಣ ದೀಪವೊಂದು ಉರಿಯಲಿ. ಸಂಸ್ಥೆಯಿಂದ ಅವಳು ಹೊದೆಯುತ್ತಿದ್ದ ಚಾದರವನ್ನೋ ಹಾಕುತ್ತಿದ್ದ ಹಳೆಯ ಫ್ರಾಕನ್ನೋ ಕೇಳಿ ತಂದು, ಒಗೆಯದೆ, ಹಾಸಿಗೆಯಲ್ಲಿಡಿ. ಆ ವಾಸನೆ ಅವಳಿಗೆ ಗುರುತಿನದು. ಮೈಲಿಗೆ, ಹಳತು ಎಂದು ಎಸೆಯುವವರನ್ನು ತಡೆಯಿರಿ. ರಾತ್ರಿ ಎದ್ದರೆ ಪ್ರಶ್ನೆ ಕೇಳಬೇಡಿ, ದೊಡ್ಡ ದೀಪ ಹಾಕಬೇಡಿ. ಬೆನ್ನಿನ ಮೇಲೆ ಕೈಯಿಟ್ಟು "ಇಲ್ಲೇ ಇದೀನಿ" ಎಂದರೆ ಸಾಕು. ಪ್ರತಿ ರಾತ್ರಿಯೂ ಅದೇ ಮಾತು, ಅದೇ ಕೈ.

4. ಭಾಷೆ: ಮೊದಲು ಕಲಿಯಬೇಕಾದವರು ನೀವು

ಹಡಪಸರದ ಕನ್ನಡ ಮನೆಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಹಾರಾಷ್ಟ್ರದ ಸಂಸ್ಥೆಯಿಂದ ಬಂದ ನಾಲ್ಕು ವರ್ಷದ ಮಗು ಮರಾಠಿಯಲ್ಲಿ ಹಸಿಯುತ್ತದೆ, ಮರಾಠಿಯಲ್ಲಿ ಹೆದರುತ್ತದೆ, ಕನಸೂ ಅದರಲ್ಲೇ. ಬೇರೆ ರಾಜ್ಯದಿಂದ ಬಂದಿದ್ದರೆ ಹಿಂದಿಯೋ ತೆಲುಗೋ ಇರಬಹುದು. ಬಂದ ದಿನದಿಂದಲೇ "ಮನೆಯಲ್ಲಿ ಕನ್ನಡ ಮಾತ್ರ" ಎಂದು ಹಟ ಹಿಡಿದರೆ ಅವಳ ಬಾಯಿ ಕಟ್ಟಿದಂತೆ. ಆಗ ಅಳುವುದು, ಕಚ್ಚುವುದು, ಎಸೆಯುವುದು ಶುರುವಾಗುತ್ತದೆ. ಹೇಳಿಕೊಳ್ಳಲು ಬೇರೆ ದಾರಿ ಉಳಿದಿರುವುದಿಲ್ಲ.

ಬಹುತೇಕ ನಿಮಗೆ ಬಜಾರಿನ ಮರಾಠಿ ಬರುತ್ತದೆ. ಗಾಡಿತಳದಲ್ಲಿ ತರಕಾರಿ ಚೌಕಾಸಿ ಮಾಡುವ ಮರಾಠಿಯಲ್ಲಿ ಮಗುವನ್ನು ಸಮಾಧಾನಪಡಿಸಲಾಗದು. ಈ ಮಾತುಗಳು ನಿಮ್ಮ ನಾಲಿಗೆಯ ತುದಿಯಲ್ಲಿರಲಿ: "ಭೂಕ್ ಲಾಗಲೀ ಕಾ?" (ಹಸಿವಾಯ್ತಾ?), "ಶೂ ಆಲೀ?" (ಒಂದಕ್ಕೆ ಬಂತಾ?), "ಕುಠೇ ದುಖತಂಯ್?" (ಎಲ್ಲಿ ನೋಯ್ತಿದೆ?), "ಘಾಬರೂ ನಕೋಸ್, ಮೀ ಆಹೇ" (ಹೆದರಬೇಡ, ನಾನಿದ್ದೀನಿ). ಅವಳು "ಉಚಲೂನ್ ಘೇ" ಎಂದರೆ ಎತ್ತಿಕೋ ಎಂದು. ಕನ್ನಡದಲ್ಲಿ ಉತ್ತರಿಸಿಯಾದರೂ ಸರಿ, ಮೊದಲು ಎತ್ತಿಕೊಳ್ಳಿ.

ಕನ್ನಡ ಬರುವ ದಾರಿ ಹೀಗಿರಲಿ. ಭಯ, ನೋವು, ಹಸಿವು, ನಿದ್ದೆಯ ಮಾತು ಅವಳ ಭಾಷೆಯಲ್ಲಿ. ಆಟ, ಸ್ನಾನ, ಹಾಡು, ಎಣಿಕೆ ಕನ್ನಡದಲ್ಲಿ. ನೀರು ಹಾಕುತ್ತಾ "ಕೈ ಎಲ್ಲೈತಿ? ಕಾಲು ಎಲ್ಲೈತಿ?" ಎಂದರೆ ಒಂದು ವಾರದಲ್ಲಿ ಮೈಯ ಭಾಗಗಳೆಲ್ಲ ಬಂದುಬಿಡುತ್ತವೆ. ಅವಳು "ಪಾಣೀ" ಎಂದರೆ "ಹ್ಞಾಂ, ನೀರು, ತಗೋ" ಎಂದು ಕೊಡಿ. "ನೀರು ಅಂತ ಹೇಳು, ಆಮೇಲೆ ಕೊಡ್ತೀನಿ" ಎನ್ನಬೇಡಿ. ನೀರಿಗಾಗಿ ಪರೀಕ್ಷೆ ಬರೆಯಬೇಕಾದ ಮನೆ ಯಾರಿಗೂ ಬೇಡ. ಈ ವಯಸ್ಸಿನ ಮಕ್ಕಳು ಕೆಲವೇ ತಿಂಗಳಲ್ಲಿ ಕನ್ನಡ ಹಿಡಿಯುತ್ತಾರೆ. ನೀವು ಚಿಂತಿಸಬೇಕಾದದ್ದು ಮರಾಠಿ ಹೋಗಿಬಿಡುತ್ತದಲ್ಲಾ ಎಂದು, ಏಕೆಂದರೆ ಬಳಸದ ಭಾಷೆಯನ್ನು ಈ ವಯಸ್ಸಿನಲ್ಲಿ ಮರೆಯುವುದೂ ಅಷ್ಟೇ ವೇಗ. ಅದರ ಜೊತೆಗೆ ಅವಳ ಮೊದಲ ವರ್ಷಗಳ ನೆನಪಿಗೆ ಹೆಸರಿಡುವ ಮಾತುಗಳೂ ಹೋಗುತ್ತವೆ. ಹಡಪಸರದಲ್ಲಿ ಮರಾಠಿ ಅಂಗಳದಲ್ಲೇ ಇದೆ. ಅಲ್ಲಿ ಆಡಲಿ, ಮಾತಾಡಲಿ, ಮನೆಯಲ್ಲೂ ಬರಲಿ.

ಕರೆಯುವ ಹೆಸರುಗಳಲ್ಲೊಂದು ತೊಡಕಿದೆ. ಅವಳಿಗೆ "ಆಯಿ" ಎಂದರೆ ತಾಯಿ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಯಾರು ಯಾರು ಎಂದು ಮೊದಲ ದಿನವೇ ತೀರ್ಮಾನಿಸಿ ಎಲ್ಲರೂ ಅದನ್ನೇ ಬಳಸಿ. ಮತ್ತು ಅವಳ ಹೆಸರು: ನಾಲ್ಕು ವರ್ಷ ಆ ಹೆಸರಿಗೆ ತಿರುಗಿ ನೋಡಿದವಳಿಗೆ ಅದು ಅವಳದೇ ಆಗಿರುವ ಕೆಲವೇ ವಸ್ತುಗಳಲ್ಲಿ ಒಂದು. ಜಾತಕ, ನಕ್ಷತ್ರ ನೋಡಿ ಬದಲಿಸುವ ಒತ್ತಾಯ ಬಂದರೆ ಹೊಸ ಹೆಸರನ್ನು ಹಳೆಯದರ ಜೊತೆಗೆ ಸೇರಿಸಿ, ಹಳೆಯದನ್ನು ಅಳಿಸಬೇಡಿ.

5. ಅವಳ ಕಥೆ ಅವಳಿಗೆ ಹೇಳುವುದು

"ಇನ್ನೂ ಚಿಕ್ಕವಳು, ಹತ್ತನೇ ಕ್ಲಾಸಾಗಲಿ, ಹೇಳೋಣ" ಎನ್ನುವವರಿದ್ದಾರೆ. ಇಲ್ಲಿ ನಾನು ಖಡಾಖಂಡಿತ: ಮೊದಲ ತಿಂಗಳಿಂದಲೇ ಹೇಳಬೇಕು. ಮೂರು ನಾಲ್ಕು ವರ್ಷಕ್ಕೆ ಬಂದವಳಿಗೆ ಬಂದದ್ದು ನೆನಪಿರುತ್ತದೆ. ನೀವು ಮುಚ್ಚಿಟ್ಟರೆ, ಅದು ಮಾತಾಡಬಾರದ, ನಾಚಿಕೆಯ ವಿಷಯ ಎಂದು ಕಲಿಯುತ್ತಾಳೆ ಅಷ್ಟೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್ಜಿನ್ಸ್ಕಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಉಪಯುಕ್ತ ಸಂಗತಿ ತೋರಿಸಿತು. ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳು "ನಾನು ದತ್ತು ಮಗಳು" ಎಂದು ಹೇಳಬಲ್ಲರು, ಅದರ ಅರ್ಥ ಮಾತ್ರ ಅವರಿಗೆ ಇನ್ನೂ ಆಗಿರುವುದಿಲ್ಲ. ಸ್ವಲ್ಪ ದೊಡ್ಡವರಾದ ಮೇಲೆಯೇ, ಈ ಮನೆಗೆ ಬರುವ ಮೊದಲು ಇನ್ನೊಂದು ಕಡೆ ಕಳೆದುಕೊಂಡದ್ದಿದೆ ಎಂದು ತಿಳಿಯುತ್ತದೆ. ಹಾಗಾಗಿ ಐದರಲ್ಲಿ ನಗುನಗುತ್ತಾ ಕೇಳಿದ ಕಥೆಗೆ ಎಂಟರಲ್ಲಿ ಅತ್ತರೆ ಗಾಬರಿಯಾಗಬೇಡಿ. ಒಮ್ಮೆ ಹೇಳಿ ಮುಗಿಸುವ ಕಥೆಯಲ್ಲ ಇದು.

ಅವಳ ವಯಸ್ಸಿಗೆ ಇಷ್ಟು ಸಾಕು: "ನೀನು ಇನ್ನೊಬ್ಬ ಅಮ್ಮನ ಹೊಟ್ಟೆಯಿಂದ ಬಂದಿ. ಅವರಿಗೆ ಮಗುವನ್ನು ನೋಡಿಕೊಳ್ಳೋಕೆ ಆಗಲಿಲ್ಲ. ಆಮೇಲೆ ತಾಈಗಳು ನಿನ್ನನ್ನು ನೋಡಿಕೊಂಡರು. ನಮಗೆ ಮಗಳು ಬೇಕಾಗಿತ್ತು, ನಾವು ಬಂದು ನಿನ್ನನ್ನು ಕರಕೊಂಡು ಬಂದ್ವಿ. ಈಗ ಇದು ನಿನ್ನ ಮನೆ, ಯಾವಾಗಲೂ."

ಫೋಟೊ ಇದ್ದರೆ ಒಂದು ಪುಸ್ತಕ ಮಾಡಿ. ಸಂಸ್ಥೆಯ ಕಟ್ಟಡ, ಅವಳ ಮಂಚ, ತಾಈಗಳು, ನೀವು ಮೊದಲು ಭೇಟಿಯಾದ ದಿನ, ರಿಕ್ಷಾದಲ್ಲೋ ಕಾರಿನಲ್ಲೋ ಮನೆಗೆ ಬಂದದ್ದು. ಬೇರೆ ಕಥೆ ಪುಸ್ತಕಗಳ ಜೊತೆಗೇ ಇರಲಿ, ಬೀರುವಿನ ಲಾಕರಿನಲ್ಲಿ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು:

"ನಿನ್ನ ಅಮ್ಮ ಸತ್ತುಹೋದಳು" ಎನ್ನುವುದು, ಅದು ನಿಜವೆಂದು ಗೊತ್ತಿಲ್ಲದಿದ್ದರೂ. ಸುಳ್ಳು ಒಂದು ದಿನ ಒಡೆಯುತ್ತದೆ. ಹದಿನೆಂಟು ತುಂಬಿದ ಮೇಲೆ ಅವಳೇ ತನ್ನ ಮೂಲದ ಮಾಹಿತಿ ಕೇಳಿ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ.

"ನಿನ್ನ ಮೇಲೆ ತುಂಬ ಪ್ರೀತಿ ಇತ್ತು, ಅದಕ್ಕೇ ಕೊಟ್ಟಳು" ಎನ್ನುವುದು. ಒಳ್ಳೆಯ ಮನಸ್ಸಿನಿಂದ ಬಂದ ಮಾತೇ. ಆದರೆ ನಾಲ್ಕು ವರ್ಷದವಳು ಇದನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆ ಯೋಚಿಸಿ: ಪ್ರೀತಿಸುವವರು ಕೊಟ್ಟುಬಿಡುತ್ತಾರೆ, ನೀವೂ ಪ್ರೀತಿಸುತ್ತೀರಿ.

ಹೆತ್ತವಳನ್ನು ಬೈಯುವುದು. ಹೊರಗಿನವರು ಬೈದರೂ ಮಗುವಿನ ಎದುರಿಗೇ ತಡೆಯಬೇಕು.

6. ಬಾಲವಾಡಿಯ ಬಾಗಿಲು

ಬಂದ ತಿಂಗಳಲ್ಲೇ ಜೂನ್ ಬಂತು, ಅಡ್ಮಿಶನ್ ತಪ್ಪುತ್ತದೆ ಎಂದು ನರ್ಸರಿಗೆ ಸೇರಿಸುವ ಅವಸರ ಬೇಡ. ಕಡ್ಡಾಯ ಶಿಕ್ಷಣದ ಕಾಯ್ದೆ ಅನ್ವಯವಾಗುವುದು ಆರರಿಂದ ಹದಿನಾಲ್ಕು ವರ್ಷದವರಿಗೆ. ಒಂದು ವರ್ಷ ಮನೆಯಲ್ಲಿದ್ದರೆ ಏನೂ ಕಳೆದುಹೋಗುವುದಿಲ್ಲ. ಸೇರಿಸಿದಾಗ ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹೀಗೆ ಬೆಳೆಸಿ. ಸದ್ದಿಲ್ಲದೆ ಕಣ್ತಪ್ಪಿಸಿ ಹೊರಡುವುದು ಎಲ್ಲ ಮಕ್ಕಳಿಗೂ ಬೇಸರ, ಇವಳಿಗೆ ಅದು ಹಳೆಯ ಗಾಯ. ಹೇಳಿಯೇ ಹೊರಡಿ, ಹೇಳಿದ ಹೊತ್ತಿಗೇ ಬನ್ನಿ. ಮಗರಪಟ್ಟಾ ಚೌಕದ ಟ್ರಾಫಿಕ್ಕಿಗೆ ಅರ್ಧ ಗಂಟೆ ಮೊದಲೇ ಹೊರಡಿ. ನಿಮ್ಮ ಓಢಣಿಯನ್ನೋ ಕರ್ಚೀಫನ್ನೋ ಅವಳ ಚೀಲದಲ್ಲಿಟ್ಟರೆ ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ದತ್ತು ಆದೇಶದ ಆಧಾರದ ಮೇಲೆ ಕೊಡುವ ಜನನ ಪ್ರಮಾಣಪತ್ರದಲ್ಲಿ ತಂದೆ-ತಾಯಿ ಎಂದು ನಿಮ್ಮ ಹೆಸರೇ ಇರುತ್ತದೆ. ಶಾಲೆಯ ಕಚೇರಿಗೆ ಅದು ಸಾಕು. ತರಗತಿಯ ಶಿಕ್ಷಕಿಗೆ ಮಾತ್ರ, ಬೇಕಾದಷ್ಟೇ ಹೇಳಿ: ಹೊಸಬರ ಹಿಂದೆ ಹೋಗಬಹುದು, ಡಬ್ಬಿ ಬೇಗ ಖಾಲಿ ಮಾಡಬಹುದು, ಕೋಣೆಯಲ್ಲಿ ಒಬ್ಬಳನ್ನೇ ಕೂರಿಸುವ ಶಿಕ್ಷೆ ಬೇಡ. "ನಿಮ್ಮ ಹುಟ್ಟಿದಾಗಿನ ಫೋಟೊ ತನ್ನಿ" ಎಂಬ ಚಟುವಟಿಕೆ ಇದ್ದರೆ "ಚಿಕ್ಕಂದಿನ ಯಾವುದಾದರೂ ಫೋಟೊ" ಎಂದು ಬದಲಿಸಲು ಕೇಳಿಕೊಳ್ಳಿ. ಅವಳು ಎಲ್ಲಿ ಸಿಕ್ಕಳು, ಹೇಗೆ ಸಿಕ್ಕಳು ಎಂಬ ವಿವರ ಅವಳ ಸ್ವತ್ತು. ಶಿಕ್ಷಕಿಗೂ ಬೇಡ, ಚಿಕ್ಕಮ್ಮನಿಗೂ ಬೇಡ, ವಾಟ್ಸ್ಆ್ಯಪ್ ಗುಂಪಿಗಂತೂ ಬೇಡವೇ ಬೇಡ.

7. ನೆಂಟರು, ನೆರೆಯವರು, ಊರು

"ಪುಣ್ಯದ ಕೆಲಸ ಮಾಡಿದ್ರಿ" ಎಂದು ಯಾರಾದರೂ ಹೇಳಿದರೆ ಅವಳು ಕೇಳಿಸಿಕೊಳ್ಳುವಂತೆ, "ಪುಣ್ಯ ಅಲ್ಲ ಕಾಕು, ನಮಗ ಮಗಳು ಬೇಕಾಗಿತ್ತು" ಎನ್ನಿ. "ಯಾರ ರಕ್ತವೋ, ಯಾವ ಜಾತಿಯೋ" ಎನ್ನುವವರಿಗೆ "ನಮ್ಮ ಮಗಳು" ಎಂಬುದೊಂದೇ ಉತ್ತರ, ಎಷ್ಟು ಸಲ ಕೇಳಿದರೂ. ಗಂಡ-ಹೆಂಡತಿ ಈ ಉತ್ತರಗಳನ್ನು ಮೊದಲೇ ಮಾತಾಡಿಕೊಂಡಿರಬೇಕು. ತಡವರಿಸಿದ ಒಂದು ಕ್ಷಣವನ್ನೂ ಮಗು ಗಮನಿಸುತ್ತದೆ.

ಊರಿಗೆ ಹೋಗುವ ಮೊದಲು ಅಜ್ಜ-ಅಜ್ಜಿಯನ್ನೇ ಹಡಪಸರಕ್ಕೆ ಕರೆಸಿಕೊಳ್ಳಿ. ಅವಳ ನೆಲದಲ್ಲಿ ಅವರು ಅತಿಥಿಗಳಾಗಲಿ. ಆಮೇಲೆ ರೈಲು ಹತ್ತಿದರೂ ಬ್ಯಾಗು ತುಂಬುವಾಗ ಜೋಪಾನ. ಬಟ್ಟೆ ಕಟ್ಟುವುದನ್ನು ಕಂಡರೆ ತನ್ನನ್ನು ಎಲ್ಲೋ ಬಿಡಲು ಒಯ್ಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಬಹುದು. ವಾಪಸು ಬರುವ ಟಿಕೆಟನ್ನೂ ತೋರಿಸಿ, ಅವಳ ಒಂದು ಗೊಂಬೆಯನ್ನು "ನಾವು ಬರೋತನಕ ಮನೆ ಕಾಯಲಿ" ಎಂದು ಹಾಸಿಗೆ ಮೇಲೆ ಬಿಟ್ಟು ಹೊರಡಿ.

ಗಣಪತಿಯ ಢೋಲ್-ತಾಶಾ, ಆಷಾಢದ ವಾರಿ ಎರಡೂ ಹಡಪಸರದಲ್ಲಿ ದೊಡ್ಡವು. ಜ್ಞಾನೇಶ್ವರ ಮತ್ತು ತುಕಾರಾಮರ ಪಾಲಕಿಗಳು ಇಲ್ಲಿಗೆ ಬಂದು, ಒಂದು ಸಾಸವಡದ ಕಡೆಗೆ, ಇನ್ನೊಂದು ಲೋಣಿ ಕಾಳಭೋರದ ಕಡೆಗೆ ಹೊರಳುವಾಗ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊದಲ ವರ್ಷ ಪರಿಚಿತರ ಬಾಲ್ಕನಿಯಿಂದಲೋ, ಜನಸಂದಣಿಯ ಅಂಚಿನಿಂದಲೋ ಎತ್ತಿಕೊಂಡೇ ತೋರಿಸಿ, ಸಾಕೆಂದ ಕೂಡಲೇ ಹಿಂತಿರುಗಿ.

ಒಂದು ಮಾತನ್ನು ಮನೆಗೆ ಬರುವ ಪ್ರತಿಯೊಬ್ಬರಿಗೂ ಮೊದಲೇ ಹೇಳಿಡಿ. ನಮ್ಮಲ್ಲಿ ಹಟ ಮಾಡುವ ಮಗುವಿಗೆ "ಭಿಕ್ಷುಕರಿಗೆ ಕೊಟ್ಟುಬಿಡ್ತೀನಿ", "ಬಿಟ್ಟು ಹೋಗ್ತೀನಿ ನೋಡು" ಎನ್ನುವುದು ರೂಢಿ. ಈ ಮನೆಯಲ್ಲಿ ಆ ತಮಾಷೆಗೆ ಜಾಗವಿಲ್ಲ. ನೀವು ದಣಿದು ಸಿಟ್ಟಾದ ಸಂಜೆಯೂ "ವಾಪಸ್ ಬಿಟ್ಟು ಬರ್ತೀನಿ" ಎಂಬ ಮಾತು ಬಾಯಿಂದ ಬರಕೂಡದು. ತಪ್ಪು ಮಾಡಿದಾಗ ಕೋಣೆಯಲ್ಲಿ ಕೂಡಿಹಾಕುವ ಬದಲು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಹೊಡೆಯೋದು ತಪ್ಪು. ನನಗೆ ಸಿಟ್ಟು ಬಂದೈತಿ. ಆದರೂ ನೀನು ನನ್ನ ಮಗಳು." ಈ ಮೂರೂ ಮಾತು ಒಟ್ಟಿಗೇ ಬರಲಿ.

8. ಯಾವಾಗ ಸಹಾಯ ಕೇಳಬೇಕು

ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ, ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತರು ಅವಳ ಪ್ರಗತಿ ನೋಡುತ್ತಾರೆ. ಆ ದಿನ ಮನೆ ಒಪ್ಪವಾಗಿಟ್ಟು "ಎಲ್ಲಾ ಚೆನ್ನಾಗಿದೆ" ಎಂದು ಚಹಾ ಕೊಟ್ಟು ಕಳಿಸುವವರೇ ಹೆಚ್ಚು. ಕಷ್ಟ ಹೇಳಿಕೊಂಡರೆ ಮಗುವನ್ನು ಕರಕೊಂಡು ಹೋಗಿಬಿಟ್ಟಾರು ಎಂಬ ಅಂಜಿಕೆ ಇರುತ್ತದೆ. ಭೇಟಿಯ ಉದ್ದೇಶವೇ ನೆರವು, ತೊಡಕಿದ್ದರೆ ಆಪ್ತಸಮಾಲೋಚನೆಗೆ ದಾರಿ ಮಾಡಿಕೊಡುವುದು ಅವರ ಕೆಲಸ. ಪುಣೆಯಲ್ಲಿ ಸೋಫೋಶ್‌ನ ಶ್ರೀವತ್ಸ, ಭಾರತೀಯ ಸಮಾಜ ಸೇವಾ ಕೇಂದ್ರದಂಥ ಸಂಸ್ಥೆಗಳು ದಶಕಗಳಿಂದ ದತ್ತು ಕುಟುಂಬಗಳ ಜೊತೆ ಕೆಲಸ ಮಾಡಿಕೊಂಡು ಬಂದಿವೆ. ನೀವು ಕೇಳುವ ಪ್ರಶ್ನೆ ಅಂಥವರಿಗೆ ಹೊಸದಾಗಿರುವುದಿಲ್ಲ.

ಆರು ತಿಂಗಳು ಕಳೆದರೂ ಬಿದ್ದಾಗ, ಜ್ವರ ಬಂದಾಗ ನಿಮ್ಮ ಬಳಿ ಬರುವುದೇ ಇಲ್ಲ, ಯಾವ ಭಾಷೆಯಲ್ಲೂ ಮಾತು ಬೆಳೆಯುತ್ತಿಲ್ಲ, ತನಗೋ ಇತರರಿಗೋ ಪೆಟ್ಟಾಗುವಂತೆ ನಡೆದುಕೊಳ್ಳುತ್ತಾಳೆ, ಬಂದಿದ್ದ ಅಭ್ಯಾಸಗಳು ಬಿಟ್ಟುಹೋಗಿ ತಿಂಗಳುಗಟ್ಟಲೆ ಮರಳುತ್ತಿಲ್ಲ ಎಂದಾದರೆ ಮುಂದಿನ ಭೇಟಿಗೆ ಕಾಯದೆ ಸಂಸ್ಥೆಗೆ ಫೋನ್ ಮಾಡಿ, ಮಕ್ಕಳ ಬೆಳವಣಿಗೆಯ ತಜ್ಞರಿಗೂ ತೋರಿಸಿ. ಹಾಸಿಗೆ ಒದ್ದೆ ಮಾಡುವುದು, ಮಗುವಿನಂತೆ ಬಾಟಲಿ ಕೇಳುವುದು ಈ ಪಟ್ಟಿಯಲ್ಲಿಲ್ಲ. ನಿಮ್ಮ ಮಡಿಲಲ್ಲಿ ಎಳೆಕೂಸಾಗಿರಲು ಸಿಗದಿದ್ದ ವರ್ಷಗಳನ್ನು ಅವಳು ಈಗ ಕೇಳುತ್ತಿದ್ದಾಳೆ. ಕೊಡಿ.

ತಾಯಿಯ ಬಗ್ಗೆಯೂ ಹೇಳಬೇಕು. ಹೆತ್ತವಳಿಗೆ ಬಾಣಂತನದ ಆರೈಕೆ ಸಿಗುತ್ತದೆ, ದತ್ತು ತಾಯಿಯನ್ನು ಅದೇ ವಾರ ಎಲ್ಲರೂ ಅಭಿನಂದಿಸಿ ಹೊರಟುಹೋಗುತ್ತಾರೆ. ನಿದ್ದೆಯಿಲ್ಲ, ಮಗು ಅಪ್ಪನಿಗೆ ಅಂಟಿಕೊಂಡು ನಿಮ್ಮನ್ನು ತಳ್ಳುತ್ತಿದೆ, ಇವಳ ಮೇಲೆ ನನಗೆ ಇನ್ನೂ ಮಮತೆ ಹುಟ್ಟಿಲ್ಲವಲ್ಲ ಎಂದು ಒಳಗೊಳಗೇ ಅಳು. ಇದು ಎಷ್ಟೋ ತಾಯಂದಿರಿಗೆ ಆಗುತ್ತದೆ, ದಿನದ ಕೆಲಸಗಳ ನಡುವೆಯೇ ಮಮತೆ ನಿಧಾನವಾಗಿ ಬರುತ್ತದೆ. ವಾರಗಟ್ಟಲೆ ಮನಸ್ಸು ಏಳದಿದ್ದರೆ ವೈದ್ಯರಿಗೆ ತೋರಿಸಿ. ಊರಿನಿಂದ ತಾಯಿಯನ್ನೋ ಅಕ್ಕನನ್ನೋ ಕರೆಸಿಕೊಳ್ಳಿ. ಅಡುಗೆ, ಬಟ್ಟೆ, ಪಾತ್ರೆ ಅವರು ನೋಡಿಕೊಳ್ಳಲಿ, ಮಗಳಿಗೆ ತುತ್ತಿಡುವ ಕೈ ನಿಮ್ಮದೇ ಇರಲಿ.